ಅಡುಗೆಮನೆ ಬಾಗಿಲಿಗೆ ಕೇಳಿಸಿದ ಪ್ಲೇಟು

ಕಳೆದ ತಿಂಗಳು ಆಫೀಸಿನ ಗೆಳೆಯನೊಬ್ಬ ಹೊಸ ಫ್ಲ್ಯಾಟಿನ ಗೃಹಪ್ರವೇಶ ಮಾಡಿದ. ಹಾಲಿನಲ್ಲಿ ಟಿವಿ ಇರಬೇಕಾದ ಜಾಗದಲ್ಲಿ ಒಂದು ಟರ್ನ್‌ಟೇಬಲ್, ಅದರ ಎರಡೂ ಪಕ್ಕ ಮರದ ಮೈಯ ಸ್ಪೀಕರುಗಳು, ಕೆಳಗೆ ಸಾಲಾಗಿ ಎಲ್‌ಪಿ ರೆಕಾರ್ಡುಗಳು. ಅರ್ಧಕ್ಕರ್ಧ ರೆಕಾರ್ಡುಗಳ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. "ಮೊಬೈಲಲ್ಲಿ ಕೇಳೋದಕ್ಕೂ ಇದಕ್ಕೂ ಹೋಲಿಕೇನೇ ಇಲ್ಲ ಗುರು, ನಮ್ ಕಾಲದ ಸೌಂಡು ಇದು" ಅಂದ. ಅವನು ಹುಟ್ಟಿದ್ದು 1993ರಲ್ಲಿ. ನಮ್ಮ ಕಾಲದಲ್ಲಿ ಇದ್ದದ್ದು ಟೇಪ್ ರೆಕಾರ್ಡರು, ಮತ್ತು ಹೊರಗೆ ಬಂದ ಟೇಪನ್ನು ಸುತ್ತಿ ಒಳಗೆ ಸೇರಿಸಲು ಒಂದು ಪೆನ್ನು. ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಹೋಳಿಗೆ ಚೆನ್ನಾಗಿತ್ತು.

ಅವನನ್ನು ಗೇಲಿ ಮಾಡೋಕೆ ಈ ಮಾತು ತೆಗೆದಿಲ್ಲ. ಆ ಕಪ್ಪು ತಟ್ಟೆ ತಿರುಗುವುದನ್ನು ನೋಡ್ತಾ ಕೂತರೆ ನನಗೂ ಏನೋ ಆಗುತ್ತೆ. ಆದರೆ ಆ ನೆನಪು ಯಾರದು ಅನ್ನೋದು ನನ್ನ ಪ್ರಶ್ನೆ. ನಾವು ರೀಲ್ಸಿನಲ್ಲಿ ನೋಡುವ ಚಿತ್ರ ಅಮೆರಿಕದ್ದು. ಊರ ನಡುವೆ ಏಳೆಂಟು ಮಹಡಿಯ ದೊಡ್ಡ ಅಂಗಡಿ, ಅದರಲ್ಲಿ ಟೋಪಿಯಿಂದ ಸೋಫಾದವರೆಗೆ ಎಲ್ಲವೂ, ಒಂದು ಮೂಲೆಯಲ್ಲಿ ರೆಕಾರ್ಡ್ ವಿಭಾಗ, ಕೊಳ್ಳುವ ಮುಂಚೆ ಕೇಳಿ ನೋಡಲು ಗಾಜಿನ ಗೂಡು. ಫಿಲಡೆಲ್ಫಿಯಾದ ವಾನಮೇಕರ್ ಅಂಗಡಿಯೊಳಗೆ 1911ರಿಂದ ಒಂದು ಭಾರೀ ಪೈಪ್ ಆರ್ಗನ್ನೇ ಇದೆ, ಗಿರಾಕಿಗಳಿಗೆ ಕೇಳಿಸಲಿಕ್ಕೆ! ಕೊನೆಗೆ ಅಲ್ಲಿದ್ದ ಮೇಸೀಸ್ ಮಳಿಗೆ 2025ರ ಮಾರ್ಚಿನಲ್ಲಿ ಬಾಗಿಲು ಹಾಕಿದಾಗ ಅಲ್ಲಿನ ಜನ ಬೇಜಾರು ಮಾಡಿಕೊಂಡದ್ದು ನ್ಯಾಯವೇ. ಅದು ಅವರ ಅಜ್ಜಿ ಕೈಹಿಡಿದು ಕರೆದುಕೊಂಡು ಹೋದ ಜಾಗ. ನಮ್ಮಜ್ಜಿ ನಮ್ಮನ್ನು ಕರೆದುಕೊಂಡು ಹೋದದ್ದು ಸಂತೆಗೆ.

ಹಾಗಾದರೆ ನಮ್ಮಲ್ಲಿ ರೆಕಾರ್ಡು ಎಲ್ಲಿ ಸಿಗ್ತಿತ್ತು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಬೆಂಗಳೂರಿನ ಸಂಡೇ ಬಜಾರಿನಲ್ಲಿ. ತುಕ್ಕು ಹಿಡಿದ ಇಕ್ಕಳ, ಹಳೇ ಚಾರ್ಜರುಗಳ ಪಕ್ಕ ಗೋಣಿ ಹಾಸಿನ ಮೇಲೆ ನಾಲ್ಕಾರು 78 ಆರ್‌ಪಿಎಂ ಪ್ಲೇಟುಗಳಿದ್ದವು. ಹೌದು, ಪ್ಲೇಟು. ನಮ್ಮ ಕಡೆ ಹಿರಿಯರು ಯಾರೂ ರೆಕಾರ್ಡು ಅನ್ನಲ್ಲ. ಮಾತು ಬದಲಿಸಿದವನನ್ನು ಈಗಲೂ 'ಪ್ಲೇಟ್ ಚೇಂಜ್ ಮಾಡಿದ' ಅಂತೀವಲ್ಲ, ಆ ಪ್ಲೇಟು. ಒಂದನ್ನು ಎತ್ತಿಕೊಂಡೆ. ನಾಟಕದ ಹಾಡು. ಅದರ ಕಂದುಬಣ್ಣದ ಕಾಗದದ ಕವರಿನ ಮೇಲೆ ತುಮಕೂರಿನ ಒಂದು ಜನರಲ್ ಸ್ಟೋರ್ಸಿನ ಜಾಹೀರಾತು ಅಚ್ಚಾಗಿತ್ತು: ಸೈಕಲ್ಲು, ಗಡಿಯಾರ, ಟಾರ್ಚು, ಛತ್ರಿ, ಹಾರ್ಮೋನಿಯಂ, ಗ್ರಾಮಫೋನು ಮತ್ತು ಮುಳ್ಳು ದೊರೆಯುತ್ತವೆ.

ಛತ್ರಿಗೂ ಸಂಗೀತಕ್ಕೂ ಏನು ಸಂಬಂಧ ಅಂತ ಮೊದಲು ನಗು ಬಂತು. ಯೋಚಿಸಿದರೆ ಇದೆ. ಗ್ರಾಮಫೋನಿಗೆ ಕರೆಂಟು ಬೇಡ, ಕೀ ಕೊಟ್ಟರೆ ಸ್ಪ್ರಿಂಗಿನ ಬಲದಲ್ಲಿ ತಿರುಗುತ್ತೆ. ಅಂದರೆ ಅದು ಗಡಿಯಾರದ ದೊಡ್ಡಣ್ಣ. ಗಡಿಯಾರ ರಿಪೇರಿ ಬಲ್ಲವನೇ ಅದನ್ನೂ ಬಿಚ್ಚಬಲ್ಲ. ಹಳ್ಳಿಯಿಂದ ಪೇಟೆಗೆ ಬಂದವನು ಇಂಥ ಒಂದೇ ಅಂಗಡಿಯಲ್ಲಿ ಹೊಸ ಕಾಲವನ್ನು ಚಿಲ್ಲರೆಯಾಗಿ ಕೊಂಡುಕೊಂಡು ಹೋಗ್ತಿದ್ದ. ಇದೇ ನಮ್ಮ ಡಿಪಾರ್ಟ್‌ಮೆಂಟ್ ಸ್ಟೋರು. ಗಾಜಿನ ಗೂಡಿನ ಬದಲು ಅಂಗಡಿಯ ಕಟ್ಟೆ. ಗಿರಾಕಿಗೆ ಅಂತ ಹಾಕಿದ ಪ್ಲೇಟನ್ನು ದಾರಿಹೋಕರೆಲ್ಲ ನಿಂತು ಕೇಳೋರು.

ಇಂಥ ಒಂದು ಅಂಗಡಿಯ ಕತೆ ಹೇಳಲೇಬೇಕು. ತಮಿಳುನಾಡಿನ ಕಾರೈಕುಡಿಯಲ್ಲಿ ಎ.ವಿ. ಅಂಡ್ ಸನ್ಸ್ ಅಂತ ಒಂದು ಸಾಮಾನು ಅಂಗಡಿ ಇತ್ತು. ಗ್ರಾಮಫೋನ್ ಪ್ಲೇಟುಗಳನ್ನೂ ಮಾರೋರು. ಮಾಲೀಕರ ಮಗ ಮೆಯ್ಯಪ್ಪನ್‌ಗೆ ಬೇರೆಯವರು ಮಾಡಿದ ಪ್ಲೇಟು ಮಾರೋದಕ್ಕಿಂತ ನಾವೇ ಯಾಕೆ ಮಾಡಬಾರದು ಅನ್ನಿಸಿತು. 1930ರ ದಶಕದ ಆರಂಭದಲ್ಲಿ ಗೆಳೆಯರನ್ನು ಕಟ್ಟಿಕೊಂಡು ಮದರಾಸಿಗೆ ಹೋಗಿ ಸರಸ್ವತಿ ಸ್ಟೋರ್ಸ್ ತೆರೆದರು. ಓಡಿಯನ್ ಅನ್ನೋ ಜರ್ಮನ್ ಕಂಪನಿಯ ಲೇಬಲ್ಲಿನಲ್ಲಿ ಪ್ಲೇಟು ತಂದರು. ಅಲ್ಲಿಂದ ಸಿನಿಮಾಕ್ಕೆ ಕೈಹಾಕಿ ಮೊದಲೆರಡು ಚಿತ್ರಗಳಲ್ಲಿ ಕೈಸುಟ್ಟುಕೊಂಡರು. ಆದರೆ ಪ್ಲೇಟು ಮಾರಿದವರಿಗೆ ಒಂದು ವಿಷಯ ಗೊತ್ತಿರುತ್ತೆ: ದನಿಯನ್ನು ಮೈಯಿಂದ ಬೇರೆ ಮಾಡಬಹುದು. 1938ರ 'ನಂದಕುಮಾರ್' ಚಿತ್ರದಲ್ಲಿ ನಟಿಗೆ ಇನ್ನೊಬ್ಬರ ದನಿ ಜೋಡಿಸಿದರು. ಆರ್. ನಾಗೇಂದ್ರರಾಯರ ಕನ್ನಡದ 'ಸತ್ಯ ಹರಿಶ್ಚಂದ್ರ'ಕ್ಕೆ ತಮಿಳು ಮಾತು ಕೂಡಿಸಿ 1944ರಲ್ಲಿ ಬಿಡುಗಡೆ ಮಾಡಿದರು. ಈಗ ಡಬ್ಬಿಂಗ್ ಬೇಕೋ ಬೇಡವೋ ಅಂತ ನಾವು ಕಿತ್ತಾಡುವಾಗ, ಮೊದಮೊದಲ ಡಬ್ಬಿಂಗ್ ಆದದ್ದು ಕನ್ನಡದಿಂದ ಹೊರಕ್ಕೆ ಅನ್ನೋದು ಯಾರಿಗೂ ನೆನಪಿರಲ್ಲ, ಇರಲಿ. ಈ ಮೆಯ್ಯಪ್ಪ ಚೆಟ್ಟಿಯಾರರ ಸಂಸ್ಥೆಯೇ ಎವಿಎಂ. 1954ರಲ್ಲಿ ಗುಬ್ಬಿ ಕಂಪನಿಯವರೊಡನೆ ಸೇರಿ 'ಬೇಡರ ಕಣ್ಣಪ್ಪ' ತೆಗೆದದ್ದು ಅವರೇ. ಅಣ್ಣಾವ್ರು ನಾಯಕನಾದ ಮೊದಲ ಚಿತ್ರ. ಕಾರೈಕುಡಿಯ ಸಾಮಾನು ಅಂಗಡಿಯಿಂದ ರಾಜ್‌ಕುಮಾರ್‌ವರೆಗೆ ನೇರ ದಾರಿ ಇದೆ ಸ್ವಾಮಿ, ನಡುವೆ ಇರೋದು ಒಂದು ಪ್ಲೇಟು.

ಆ ಪ್ಲೇಟು ಪ್ಲಾಸ್ಟಿಕ್ಕಲ್ಲ. ಅರಗು. ಪಾಂಡವರನ್ನು ಸುಡಲು ಕಟ್ಟಿದ ಮನೆ ಯಾವುದರದ್ದೋ ಅದೇ. ಮುತ್ತುಗದಂಥ ಮರಗಳ ಕೊಂಬೆಗೆ ಅಂಟಿಕೊಂಡ ಅರಗಿನ ಹುಳು ಸುರಿಸುವ ಅಂಟು. ಈಗಿನ ಜಾರ್ಖಂಡ್ ಕಡೆಯ ಕಾಡುಗಳಲ್ಲಿ ಅದನ್ನು ಕೆರೆದು ತೆಗೆದು ಪ್ರಪಂಚಕ್ಕೆಲ್ಲ ಕಳಿಸುತ್ತಿದ್ದದ್ದು ಹೆಚ್ಚಾಗಿ ನಮ್ಮ ದೇಶವೇ. ಅದಕ್ಕೆ ಕಲ್ಲಿನ ಪುಡಿ, ಮಸಿ ಬೆರೆಸಿ ಬಿಸಿಯಲ್ಲಿ ಒತ್ತಿದರೆ ಪ್ಲೇಟು. ಕೈಜಾರಿದರೆ ಹಪ್ಪಳದಂತೆ ಒಡೆಯುತ್ತೆ. 10 ಇಂಚಿನ ಪ್ಲೇಟಿನ ಒಂದು ಮುಖದಲ್ಲಿ ಹಿಡಿಸೋದು ಮೂರು ನಿಮಿಷ, ಮೂರು ಕಾಲು ನಿಮಿಷ. ಆಮೇಲೆ ತಿರುಗಿಸಿ ಹಾಕಬೇಕು, ಮುಳ್ಳು ಬದಲಿಸಬೇಕು, ಕೀ ಕೊಡಬೇಕು.

ನಮ್ಮಜ್ಜಿಯ ವಿಷಯಕ್ಕೆ ಬರ್ತೀನಿ. ಅಜ್ಜಿಯ ತವರು ತಿಪಟೂರಿನ ಹತ್ತಿರ. ಅಜ್ಜಿಯ ದೊಡ್ಡಣ್ಣ ಕೊಬ್ಬರಿ ವ್ಯಾಪಾರದಲ್ಲಿ ಒಂದು ವರ್ಷ ಒಳ್ಳೆ ದುಡ್ಡು ನೋಡಿ ಗ್ರಾಮಫೋನ್ ತಂದರಂತೆ. ಅದನ್ನು ಇಟ್ಟಿದ್ದು ಪಡಸಾಲೆಯಲ್ಲಿ. ಸಂಜೆ ಗಂಡಸರೆಲ್ಲ ಅಲ್ಲಿ ಸೇರೋರು. ಹೆಣ್ಣುಮಕ್ಕಳು ಅಲ್ಲಿಗೆ ಬರುವ ಹಾಗಿಲ್ಲ. ನಾಟಕಕ್ಕಂತೂ ಹೋಗುವ ಮಾತೇ ಇಲ್ಲ. ಅಜ್ಜಿ ಹಾಡು ಕಲಿತದ್ದು ಅಡುಗೆಮನೆ ಬಾಗಿಲ ಹಿಂದೆ ನಿಂತು, ಕೈಯಲ್ಲಿ ಮುದ್ದೆ ಕೋಲು ಹಿಡಿದುಕೊಂಡು. ನಾನು ಚಿಕ್ಕವನಿದ್ದಾಗ ಆ ಹಾಡುಗಳನ್ನು ಹೇಳ್ತಿದ್ದಳು. ಒಂದು ಹಾಡಂತೂ ಅರ್ಧಕ್ಕೆ ಬಂದು ತಟ್ಟನೆ ನಿಲ್ಲೋದು. ಎರಡು ಉಸಿರು ಸುಮ್ಮನಿದ್ದು ಆಮೇಲೆ ಮುಂದುವರಿಸೋಳು. "ಯಾಕಜ್ಜಿ ನಿಲ್ಲಿಸ್ತೀಯ?" ಅಂದರೆ, "ಪ್ಲೇಟು ತಿರುಗ್ಸ್‌ಬೇಕಲ್ಲ ಮಗ" ಅನ್ನೋಳು.

ಆ ಬಾಗಿಲ ಹಿಂದೆ ನಿಂತವಳಿಗೆ ಪಡಸಾಲೆಯಿಂದ ಕೇಳಿಸುತ್ತಿದ್ದ ದನಿಗಳೂ ಬಹುಪಾಲು ಹೆಂಗಸರವು. ಇದು ಆಕಸ್ಮಿಕ ಅಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ದನಿ ಹಿಡಿಯಲು ಕೂತಾಗ ದೊಡ್ಡ ಉಸ್ತಾದರು, ವಿದ್ವಾಂಸರು ಹಿಂದೆ ಮುಂದೆ ನೋಡಿದರು. ನಮ್ಮ ವಿದ್ಯೆಯನ್ನು ಮೂರು ನಿಮಿಷಕ್ಕೆ ಕತ್ತರಿಸಿ ಚಹಾ ಅಂಗಡಿಯಲ್ಲಿ ಬಾರಿಸೋದೇ? ಧೈರ್ಯ ಮಾಡಿ ಬಂದವರು ಸಮಾಜ ಮೊದಲೇ ಹೊರಗಿಟ್ಟಿದ್ದ ವೃತ್ತಿಗಾಯಕಿಯರು. ಕಳೆದುಕೊಳ್ಳೋಕೆ ಅವರಿಗೇನಿತ್ತು! ಗೌಹರ್ ಜಾನ್ ಕಹಳೆಯೊಳಗೆ ಮುಖ ಒಡ್ಡಿ ಹಾಡಿ, ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ಮೇಣದ ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು, ಅಲ್ಲಿ ಪ್ಲೇಟು ಒತ್ತುವವರಿಗೆ ಯಾರ ಹಾಡಿದು ಅಂತ ಗೊತ್ತಾಗಬೇಕಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಪ್ಲೇಟು ಕೊಟ್ಟರು. ಆಮೇಲೆ ಗಂಗೂಬಾಯಿ ಹಾನಗಲ್ ಕೊಟ್ಟರು, ಕಂಪನಿಯವರು ಆಕೆಯ ಮೊದಲ ಪ್ಲೇಟುಗಳ ಮೇಲೆ ಹಾಕಿದ ಹೆಸರು ಗಾಂಧಾರಿ. ಈ ಹೆಂಗಸರನ್ನು ಪಡಸಾಲೆಯೊಳಗೆ ಬಿಟ್ಟುಕೊಳ್ಳದ ಮನೆಗಳಲ್ಲೇ ಅವರ ದನಿ ಪಡಸಾಲೆ ದಾಟಿ ಅಡುಗೆಮನೆಗೆ ಹೋಯಿತು. ಅಲ್ಲಿದ್ದ ಹುಡುಗಿಯರು ಅದನ್ನು ಬಾಯಿಪಾಠ ಮಾಡಿದರು.

ಗೌಹರ್ ಜಾನ್ ಕೊನೆಗೆ ಬಂದದ್ದು ನಮ್ಮ ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು ಆಸ್ಥಾನಕ್ಕೆ ಸೇರಿಸಿಕೊಂಡರು. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು. ಒಂದು ಕಾಲಕ್ಕೆ ಬೆಂಕಿಪೆಟ್ಟಿಗೆಯ ಮೇಲೂ ಆಕೆಯ ಚಿತ್ರ ಇರ್ತಿತ್ತು.

ಅದೇ ಮೈಸೂರಿನಲ್ಲಿ ಇಪ್ಪತ್ತು ವರ್ಷದೊಳಗೆ ಇನ್ನೊಂದು ಸಂಗತಿ ನಡೆಯಿತು. ಟರ್ನ್‌ಟೇಬಲ್ ಹುಚ್ಚಿನವರಿಗೆ ಇದು ಇಷ್ಟವಾಗಬೇಕು. ಜಯಚಾಮರಾಜ ಒಡೆಯರಿಗೆ ಪಾಶ್ಚಾತ್ಯ ಸಂಗೀತದ ಮೇಲೆ ಪ್ರಾಣ. ಲಂಡನ್ನಿನಿಂದ ಇಎಂಐ ಕಂಪನಿಯ ವಾಲ್ಟರ್ ಲೆಗ್ ಮೈಸೂರಿಗೆ ಬಂದು ನೋಡಿದರೆ ಅರಮನೆಯಲ್ಲಿ ಲೆಕ್ಕವಿಲ್ಲದಷ್ಟು ಪ್ಲೇಟುಗಳು, ಬಗೆಬಗೆಯ ಸ್ಪೀಕರುಗಳು, ಪಿಯಾನೋಗಳು. ಆತ ಬೆರಗಾಗಿಹೋದ. ಆಗ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ವಯಸ್ಸಾಗಿ, ಕಾಯಿಲೆಬಿದ್ದು, ಜನ ಮರೆಯುವ ಹಂತದಲ್ಲಿದ್ದ. ಮಹಾರಾಜರು ದುಡ್ಡು ಕೊಟ್ಟು ಮೆಟ್ನರ್ ಸೊಸೈಟಿ ಮಾಡಿಸಿದರು, ಎಚ್‌ಎಂವಿಯಲ್ಲಿ ಅವನ ಕೃತಿಗಳನ್ನು ಅವನ ಕೈಯಲ್ಲೇ ನುಡಿಸಿ ಮುದ್ರಿಸುವ ಏರ್ಪಾಡು ಮಾಡಿದರು. ಆತ ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಅವರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡ. ಅವನ ಬೆರಳು ಹೇಗೆ ಓಡುತ್ತಿತ್ತು ಅಂತ ಇವತ್ತು ನಾವು ಕೇಳಬಹುದಾದದ್ದಕ್ಕೆ ಮೈಸೂರಿನ ದುಡ್ಡು ದೊಡ್ಡ ಕಾರಣ. ಇದಕ್ಕೆ ಹೆಮ್ಮೆ ಪಡೋಣ. ಜೊತೆಗೆ ನನಗೊಂದು ಹೊಟ್ಟೆಯುರಿಯೂ ಇದೆ, ಮುಚ್ಚಿಡಲ್ಲ. ನಮ್ಮ ನಾಟಕ ಕಂಪನಿಗಳ ಪ್ಲೇಟುಗಳನ್ನು ಹೀಗೆ ಹುಡುಕಿ ಜೋಪಾನ ಮಾಡುವ ಒಬ್ಬ ಮಹಾರಾಜ ಇದ್ದಿದ್ದರೆ ಅವು ಸಂಡೇ ಬಜಾರಿನ ಗೋಣಿಗೆ ಬರ್ತಿರಲಿಲ್ಲ.

ಮನೆಯಲ್ಲಿ ಸ್ಟೀರಿಯೋ ಅನ್ನೋದು ಆಮೇಲಿನ ಕತೆ. ಎಲ್‌ಪಿ ಹುಟ್ಟಿದ್ದು 1948ರಲ್ಲಿ, ಎರಡು ಕಿವಿಗೂ ಬೇರೆ ಬೇರೆ ದನಿ ಬರುವ ಸ್ಟೀರಿಯೋ ಎಲ್‌ಪಿ ಅಂಗಡಿಗೆ ಬಂದದ್ದು ಅದಾಗಿ ಹತ್ತು ವರ್ಷಕ್ಕೆ. ನಮ್ಮಲ್ಲಿ ಸೂಟ್‌ಕೇಸಿನಂತೆ ಮುಚ್ಚಿ ಎತ್ತಿಕೊಂಡು ಹೋಗಬಹುದಾದ ಎಚ್‌ಎಂವಿ ಫಿಯೆಸ್ಟಾ ಇಟ್ಟುಕೊಂಡವರು ಬೀದಿಗೊಬ್ಬರು ಸಿಕ್ಕರೆ ಹೆಚ್ಚು. ಬ್ಯಾಂಕಿನವರು, ಎಚ್‌ಎಎಲ್, ಬಿಇಎಲ್ ಕಾರ್ಖಾನೆಯವರು, ಗಲ್ಫಿನಲ್ಲಿ ಅಣ್ಣ ಇದ್ದವರು. ಮಿಕ್ಕವರೆಲ್ಲ ಕೇಳಿದ್ದು ಬೇರೆಯವರ ಪ್ಲೇಟನ್ನು. ಮದುವೆಮನೆಯ ಮೈಕ್ ಸೆಟ್ಟಿನವನು ತೆಂಗಿನ ಮರಕ್ಕೆ ಕಹಳೆ ಕಟ್ಟಿ ಬೆಳಗಿನ ಜಾವ ಐದಕ್ಕೇ ಶುರು ಮಾಡೋನು. ಅವನ ಪೆಟ್ಟಿಗೆಯಲ್ಲಿ ಯಾವ ಪ್ಲೇಟು ಇತ್ತೋ ಅದೇ ಆ ಊರಿನ ಸಂಗೀತದ ಅಭಿರುಚಿ. ಟೆಂಟ್ ಸಿನಿಮಾದಲ್ಲಿ ಆಟಕ್ಕೆ ಮುಂಚೆ ಘಂಟಸಾಲ ಅವರ ವೆಂಕಟೇಶ ಸ್ತುತಿ ಕೇಳಿಸಿತೆಂದರೆ ಹೊಲದಲ್ಲಿದ್ದವರೂ ಓಡೋರು, ಇನ್ನೇನು ಶುರು ಅಂತ. ಮೈಲಿ ದೂರಕ್ಕೆ ಟಿಕೆಟ್ಟಿಲ್ಲದೆ ಕೇಳುತ್ತಿದ್ದ ಆ ಪ್ಲೇಟಿನ ಮುಂದೆ ನನ್ನ ಗೆಳೆಯನ ಮರದ ಸ್ಪೀಕರು ಏನು ಮಹಾ.

ಆಮೇಲೆ ಕ್ಯಾಸೆಟ್ಟು ಬಂತು. 1978ರಲ್ಲಿ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಕ್ಯಾಸೆಟ್ಟಾದ ಮೇಲೆ ಕವಿತೆಯೂ ಜೇಬಿನಲ್ಲಿ ಓಡಾಡತೊಡಗಿತು. ಜನರಲ್ ಸ್ಟೋರ್ಸುಗಳ ಕಪಾಟಿನಿಂದ ಪ್ಲೇಟುಗಳು ಅಟ್ಟ ಹತ್ತಿದವು, ಅಟ್ಟದಿಂದ ಗುಜರಿಗೆ ಇಳಿದವು. ಅಜ್ಜಿಯ ತವರಿನ ಗ್ರಾಮಫೋನು ಪಾಲಾಗುವಾಗ ಯಾರಿಗೆ ಹೋಯಿತು ಅಂತ ವಿಚಾರಿಸಿದೆ. ಒಬ್ಬರು ಇನ್ನೊಬ್ಬರ ಕಡೆ ಕೈತೋರಿಸಿದರು.

ಸಂಡೇ ಬಜಾರಿನ ಆ ಪ್ಲೇಟನ್ನು ಗೆಳೆಯನ ಮನೆಗೆ ತೆಗೆದುಕೊಂಡು ಹೋಗಿದ್ದೆ. ಅವನ ಮೆಷೀನಿನಲ್ಲಿ 33, 45 ಎರಡೇ ವೇಗ ಇರೋದು. 78 ಇಲ್ಲ. ಅದರ ಮುಳ್ಳೂ ಹಳೇ ಪ್ಲೇಟಿನ ಗೀರಿಗೆ ಹೊಂದಲ್ಲವಂತೆ. "ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕೋಣ, ಸಖತ್ತಾಗಿ ಕಾಣುತ್ತೆ" ಅಂದ. ಬೇಡ ಅಂತ ವಾಪಸ್ ತಂದೆ.

ಮನೆಯಲ್ಲಿ ಅಮ್ಮ ಲೇಬಲ್ಲು ಓದಿ ಹಾಡು ಗುರುತು ಹಿಡಿದಳು. ಅಜ್ಜಿ ಹೇಳುತ್ತಿದ್ದ ಹಾಡುಗಳಲ್ಲಿ ಅದೂ ಒಂದು. ಸೊಪ್ಪು ಬಿಡಿಸುತ್ತಾ ಹಾಗೇ ಗುನುಗಿದಳು. ಅರ್ಧಕ್ಕೆ ಬಂದು ನಿಲ್ಲಿಸಿ, ಎರಡು ಉಸಿರು ಸುಮ್ಮನಿದ್ದು, ಮುಂದುವರಿಸಿದಳು. ಅಮ್ಮ ಗ್ರಾಮಫೋನನ್ನು ಕಣ್ಣಲ್ಲಿ ಕಂಡವಳೇ ಅಲ್ಲ.