ನೆತ್ತರು ನುಡಿದ ವಂಶಾವಳಿ

ದಾಯಾದಿಗಳು ಯಾವ ತಲೆಮಾರಿನಲ್ಲಿ ಬೇರೆಯಾದರೆಂದು ತಿಳಿಯಬೇಕಾದರೆ ನೀವು ಹಳೆಯ ಕಾಗದಪತ್ರಗಳನ್ನು ಹುಡುಕುತ್ತೀರಿ. ಮನುಷ್ಯಕುಲವು ವಾನರಕುಲದಿಂದ ಎಂದು ಕವಲೊಡೆಯಿತೆಂಬ ವ್ಯಾಜ್ಯದಲ್ಲಿ ಬಹುಕಾಲ ಸಾಕ್ಷಿ ನುಡಿದದ್ದು ಮೂಳೆಯೊಂದೇ.

1932ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಲೂಯಿಸ್ ಅವರಿಗೆ ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ ದವಡೆಯ ತುಂಡೊಂದು ದೊರೆಯಿತು. ಆ ಜೀವಿಗೆ ರಾಮನ ಹೆಸರಿನಿಂದ ‘ರಾಮಾಪಿತೆಕಸ್’ ಎಂದು ನಾಮಕರಣವಾಯಿತು. 1960ರ ದಶಕದಲ್ಲಿ ಎಲ್ವಿನ್ ಸೈಮನ್ಸ್ ಮತ್ತು ಡೇವಿಡ್ ಪಿಲ್ಬೀಮ್ ಇದೇ ಮನುಷ್ಯಶಾಖೆಯ ಮೊದಲ ಕುಡಿಯೆಂದು ವಾದಿಸಿದರು. ಹಾಗಾದರೆ ಕವಲೊಡೆದು ಒಂದು ಕೋಟಿ ನಲವತ್ತು ಲಕ್ಷ ವರ್ಷಗಳಾದರೂ ಆಗಿರಬೇಕು.

1967ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಿಂದ ಬೇರೆ ಮಾತು ಕೇಳಿಬಂತು. ವಿನ್ಸೆಂಟ್ ಸಾರಿಚ್ ಮತ್ತು ಅಲನ್ ವಿಲ್ಸನ್ ನೋಡಿದ್ದು ಮೂಳೆಯನ್ನಲ್ಲ, ನೆತ್ತರನ್ನು. ಎರಡು ಕುಲಗಳು ಅಗಲಿದ ಬಳಿಕ ಅವುಗಳ ನೆತ್ತರಿನ ಅಲ್ಬುಮಿನ್ ಎಂಬ ಪ್ರೋಟೀನಿನಲ್ಲಿ ಕಾಲಕ್ರಮೇಣ ವ್ಯತ್ಯಾಸಗಳು ಸೇರುತ್ತ ಹೋಗುತ್ತವೆ. ಅವನ್ನು ಅಳೆದರೆ ಅದೇ ಗಡಿಯಾರ. ಮನುಷ್ಯನೂ ಚಿಂಪಾಂಜಿಯೂ ಅಗಲಿ ಕೇವಲ 50 ಲಕ್ಷ ವರ್ಷಗಳಾದುವೆಂದು ಆ ಗಡಿಯಾರ ತೋರಿಸಿತು. ಮೂಳೆಯ ಪಂಡಿತರು ಇದನ್ನು ಸುಲಭವಾಗಿ ಒಪ್ಪಲಿಲ್ಲ.

ಕಡೆಗೆ ಮೂಳೆಯೇ ಸಾಕ್ಷಿ ಬದಲಿಸಿತು. ಪಾಕಿಸ್ತಾನದ ಪೋಟ್ವಾರ್ ಪ್ರಸ್ಥಭೂಮಿಯಲ್ಲಿ ದೊರೆತ, ರಾಮಾಪಿತೆಕಸ್‌ನ ಹತ್ತಿರದ ಬಂಧುವಾದ ಶಿವಾಪಿತೆಕಸ್‌ನ ಮುಖದ ಮೂಳೆಯನ್ನು 1982ರಲ್ಲಿ ಪಿಲ್ಬೀಮ್ ಅವರೇ ಲೋಕದ ಮುಂದಿಟ್ಟರು. ಅದು ಹೋಲುತ್ತಿದ್ದುದು ಒರಾಂಗುಟಾನನ್ನು! ರಾಮಾಪಿತೆಕಸ್ ಶಿವಾಪಿತೆಕಸ್‌ನಲ್ಲೇ ಲೀನವಾಯಿತು. ತಮ್ಮ ಹಳೆಯ ವಾದವನ್ನು ಪಿಲ್ಬೀಮ್ ಕೈಬಿಟ್ಟರು.

ನೆತ್ತರಿನ ಒಂದು ಪ್ರೋಟೀನು ಒಂದು ಪುಟವಿದ್ದಂತೆ. ಬಹುಪಾಲು ಜೀವಕೋಶಗಳಲ್ಲಿ ಇರುವ ಪೂರ್ಣ ಗ್ರಂಥವೇ ಜೀನೋಮ್. ಮನುಷ್ಯನದರಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಇಂಥ ಎರಡು ಗ್ರಂಥಗಳನ್ನು ಸಾಲಿಗೆ ಸಾಲು ಹೊಂದಿಸಿ ಪಾಠಾಂತರಗಳನ್ನು ಎಣಿಸುವುದು ಮನುಷ್ಯರ ಕೈಲಾಗದ ಕೆಲಸ. ಅದು ಗಣಕಯಂತ್ರದ ಪಾಲಿಗೆ ಬಂತು. 2005ರಲ್ಲಿ ಚಿಂಪಾಂಜಿಯ ಜೀನೋಮ್ ಪ್ರಕಟವಾದಾಗ, ಹೊಂದಿಸಿದ ಭಾಗಗಳಲ್ಲಿ ನಮಗೂ ಅದಕ್ಕೂ ಅಕ್ಷರಭೇದ ನೂರಕ್ಕೆ 1.23 ಮಾತ್ರವೆಂದು ತಿಳಿಯಿತು. ಸೇರಿದ, ಬಿಟ್ಟುಹೋದ ತುಣುಕುಗಳ ಲೆಕ್ಕ ಬೇರೆ.

2012ರಲ್ಲಿ ಗೊರಿಲ್ಲದ ಗ್ರಂಥವೂ ತೆರೆಯಿತು. ಅಲ್ಲೊಂದು ಸೋಜಿಗ. ಒಟ್ಟಿನಲ್ಲಿ ನಮಗೆ ಹತ್ತಿರದ ಬಂಧು ಚಿಂಪಾಂಜಿಯೇ. ಆದರೂ ಜೀನೋಮಿನ ನೂರಕ್ಕೆ ಸುಮಾರು 30 ಭಾಗಗಳಲ್ಲಿ ಗೊರಿಲ್ಲ ನಮಗೋ ಚಿಂಪಾಂಜಿಗೋ ಹತ್ತಿರವಿದೆ, ನಾವಿಬ್ಬರು ಒಬ್ಬರಿಗೊಬ್ಬರು ಅಷ್ಟು ಹತ್ತಿರವಿಲ್ಲ. ಅಜ್ಜನ ಮೂಗು ಒಬ್ಬ ಅಣ್ಣನ ಬದಲು ದಾಯಾದಿಯ ಮಗನಿಗೆ ಬಂದಿರುವುದನ್ನು ನೀವು ಕಂಡಿಲ್ಲವೆ? ಪೂರ್ವಿಕರ ಗುಂಪಿನಲ್ಲಿದ್ದ ಪಾಠಭೇದಗಳು ಹಾಗೆಯೇ ಹಂಚಿಹೋದುವು. ಆದ್ದರಿಂದ ಒಂದು ಪುಟ ನೋಡಿ ವಂಶಾವಳಿ ಬರೆಯುವಂತಿಲ್ಲ, ಗ್ರಂಥವನ್ನೆಲ್ಲ ಓದಬೇಕು.

ಒಂದು ದವಡೆಯ ತುಂಡನ್ನು ನಂಬಿದವರು ಮಾಡಿದ್ದೂ ಒಂದು ಪುಟದ ಓದೇ. ಹೊಸ ಪುಟ ಕಂಡಾಗ ಓದನ್ನು ತಿದ್ದಿಕೊಂಡರಲ್ಲ, ಆ ಪಿಲ್ಬೀಮ್ ಅವರನ್ನೂ ನಾವು ನೆನೆಯಬೇಕು.