ಪ್ಲೇಗಿನ ಕಾಲದ ಎರಡು ಬಡಾವಣೆಗಳು

ಬೆಂಗಳೂರಿನ ಹಳೆಯ ಪೇಟೆಯ ವಾಯವ್ಯದಲ್ಲಿ ಮಲ್ಲೇಶ್ವರವೂ ದಕ್ಷಿಣದಲ್ಲಿ ಬಸವನಗುಡಿಯೂ ವಾಸಕ್ಕೆ ಹಿತವಾದ ಬಡಾವಣೆಗಳೆಂದು ನೂರು ವರ್ಷಗಳಿಗೂ ಮೇಲ್ಪಟ್ಟು ಹೆಸರಾಗಿರುವುದು ವಾಚಕರಿಗೆ ತಿಳಿದ ಸಂಗತಿಯೇ. ನೇರವಾದ ಬೀದಿಗಳು, ಸಾಲುಮರಗಳು, ಮನೆಯ ಮುಂದೆ ಹೂವಿನ ಪಾತಿ, ಹಿಂದೆ ತೆಂಗು ಮಾವುಗಳ ಹಿತ್ತಿಲು, ನಡೆದು ಮುಟ್ಟುವಷ್ಟು ದೂರದಲ್ಲಿ ದೇವಾಲಯ, ಪಾಠಶಾಲೆ, ಅಂಗಡಿಬೀದಿ — ಇವುಗಳನ್ನು ಕಂಡವರು, ಇದೆಲ್ಲವೂ ಸುಭಿಕ್ಷದ ದಿನಗಳಲ್ಲಿ ನೆಮ್ಮದಿಯಾಗಿ ಕುಳಿತು ಯೋಚಿಸಿದವರ ಕೆಲಸವೆಂದು ಭಾವಿಸುವುದುಂಟು. ವಾಸ್ತವದಲ್ಲಿ ಈ ಬಡಾವಣೆಗಳು ತ್ವರೆಯಿಂದ ರೂಪುಗೊಂಡದ್ದು ಸಾವಿನ ಭಯದಲ್ಲಿ. ಅವುಗಳ ಕಥೆಯನ್ನು ಆದಿಯಿಂದ ನೋಡಿದರೆ, ಊರನ್ನು ಉತ್ತಮಗೊಳಿಸುವ ಕೆಲಸದಲ್ಲಿ ಏನು ಕೈಗೂಡಿತು, ಯಾವುದು ಬಹುಕಾಲ ಕೈಬಿಟ್ಟುಹೋಗಿದ್ದಿತು ಎಂಬುದು ಸ್ಪಷ್ಟವಾಗುವುದು.

ಮೊದಲಿಗೆ ಇವು ಹಳ್ಳಿಗಳ ನೆಲ. ಕಾಡುಮಲ್ಲೇಶ್ವರ ದೇವಾಲಯದ ಬಳಿಯಿರುವ 1669ರ ಕನ್ನಡ ಶಾಸನವೊಂದು, ಶಿವಾಜಿಯ ಮಲಸೋದರನಾದ ವೆಂಕೋಜಿಯು ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯೆಂಬ ಗ್ರಾಮವನ್ನು ಬಿಟ್ಟುಕೊಟ್ಟುದನ್ನು ತಿಳಿಸುತ್ತದೆ. ಆ ಗ್ರಾಮವು ಈಗ ಭಾರತೀಯ ವಿಜ್ಞಾನ ಸಂಸ್ಥೆಯಿರುವ ಪ್ರದೇಶದಲ್ಲಿದ್ದಿತೆಂದು ಇತಿಹಾಸಜ್ಞರು ಹೇಳುವರು. ರಂಗನಾಥಪಾಳ್ಯ, ಜಕ್ಕಸಂದ್ರ ಮೊದಲಾದವು ಅದರ ನೆರೆಯ ಊರುಗಳು. ದಕ್ಷಿಣದಲ್ಲಿ ಸುಂಕೇನಹಳ್ಳಿ, ಗವೀಪುರ, ಗುಟ್ಟಹಳ್ಳಿ, ಮಾವಳ್ಳಿಗಳಿದ್ದುವು. ಸುಂಕೇನಹಳ್ಳಿಯ ಸುತ್ತಿನ ರೈತರು ವರ್ಷದ ಮೊದಲ ಕಡಲೆಕಾಯಿಯನ್ನು ದೊಡ್ಡ ಬಸವಣ್ಣನಿಗೆ ಅರ್ಪಿಸುತ್ತಿದ್ದ ವಾಡಿಕೆಯೇ ಕಾರ್ತಿಕಮಾಸದ ಕಡಲೆಕಾಯಿ ಪರಿಷೆಯಾಗಿ ಇಂದಿಗೂ ನಡೆದುಬಂದಿದೆ. ಹೊಲಗಳು ಹೋದುವು; ಪರಿಷೆ ಉಳಿಯಿತು. ಈಗ ಕಾಯಿ ಬರುವುದು ದೂರದೂರದ ತಾಲ್ಲೂಕುಗಳಿಂದ.

ಇತ್ತ ಪೇಟೆಯ ಸ್ಥಿತಿ ಬೇರೆ. ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆಂದು ಪ್ರಸಿದ್ಧವಾದ ಆ ಪೇಟೆಯಲ್ಲಿ ಅರಳೆಗೆ ಅರಳೇಪೇಟೆ, ಬಳೆಗೆ ಬಳೇಪೇಟೆ, ಧಾನ್ಯಕ್ಕೆ ತರಗುಪೇಟೆ, ಹೀಗೆ ಒಂದೊಂದು ವ್ಯಾಪಾರಕ್ಕೆ ಒಂದೊಂದು ನೆಲೆಯಿದ್ದಿತು. ಮನೆಗೂ ಅಂಗಡಿಗೂ ನಡುವೆ ಗೋಡೆಯೊಂದೇ ಅಂತರ. ಕೆಲವೆಡೆ ಅದೂ ಇರಲಿಲ್ಲ. 1862ರಲ್ಲಿ ಪುರಸಭೆ ಏರ್ಪಟ್ಟಿದ್ದರೂ, ಕೋಟೆಗೋಡೆ ಕಂದಕಗಳ ಒಳಗೆ ಬೆಳೆದ ಊರಿಗೆ ಕಾಲುಚಾಚಲು ಎಡೆಯಿರಲಿಲ್ಲ. 1891ರ ಖಾನೇಷುಮಾರಿಯಲ್ಲಿ ನಗರಭಾಗದ ಜನಸಂಖ್ಯೆ 80,285, ದಂಡುಪ್ರದೇಶದ್ದು 1,00,081. ದಿವಾನ್ ಕೆ. ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ ಈ ಇಕ್ಕಟ್ಟಿಗೆ ಪರಿಹಾರವನ್ನು ಹುಡುಕುವ ಪ್ರಯತ್ನ ಮೊದಲಾಯಿತು. 1892ರಲ್ಲಿ ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ ಹುಟ್ಟಿದುದು ಈ ಯೋಚನೆಯ ಫಲ. ಆದರೆ ತಲೆತಲಾಂತರದಿಂದ ಬಂದ ಮನೆಯನ್ನೂ, ಮನೆಯ ಮುಂದಿನ ಅಂಗಡಿಯನ್ನೂ, ಬೀದಿಯ ಬಂಧುಬಳಗವನ್ನೂ ಬಿಟ್ಟು ಬಯಲಿಗೆ ಹೋಗಿ ಮನೆಕಟ್ಟಿಕೊಳ್ಳಲು ಸಾಮಾನ್ಯರು ಸುಲಭವಾಗಿ ಮನಸ್ಸುಮಾಡುವವರಲ್ಲ. ರಾತ್ರಿಯಲ್ಲಿ ನರಿ ಕೂಗುವ ಕಡೆಗೆ ಹೆಂಡಿರು ಮಕ್ಕಳನ್ನು ಕರೆದೊಯ್ಯುವವರಾರು?

ಆ ಹಿಂಜರಿಕೆಯನ್ನು ಮುರಿದುದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಆ ಜಾಡ್ಯವು ರೈಲುಮಾರ್ಗವನ್ನು ಹಿಡಿದು ಹುಬ್ಬಳ್ಳಿಗೆ ಬಂದು, ಅಲ್ಲಿಂದ 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಮೊದಲು ಕಾಣಿಸಿಕೊಂಡುದು ಹುಬ್ಬಳ್ಳಿಯಿಂದ ಬಂದಿದ್ದ ರೈಲ್ವೆ ನೌಕರನೊಬ್ಬನಲ್ಲಿ. ಕೆಲವೇ ವಾರಗಳಲ್ಲಿ ಪೇಟೆಯ ಬೀದಿಗಳಲ್ಲಿ ಬೀಗಹಾಕಿದ ಬಾಗಿಲುಗಳೇ ಹೆಚ್ಚಾದುವು. ಕಂಕುಳಲ್ಲಿಯೋ ತೊಡೆಯ ಸಂದಿಯಲ್ಲಿಯೋ ಗಡ್ಡೆ ಎದ್ದಿತೆಂದರೆ ಮನೆಯವರು ಅದನ್ನು ಮರೆಮಾಡುತ್ತಿದ್ದರು. ಏಕೆಂದರೆ ತಿಳಿದೊಡನೆ ರೋಗಿಯನ್ನು ಆಸ್ಪತ್ರೆಗೂ ಉಳಿದವರನ್ನು ಊರಹೊರಗಿನ ಗುಡಿಸಲುಗಳಿಗೂ ಸಾಗಿಸುವ ಕಟ್ಟಳೆಯಿದ್ದಿತು. ರೋಗಕ್ಕೆ ಅಂಜಿದಷ್ಟೇ ಜನ ಆ ಕಟ್ಟಳೆಗೂ ಅಂಜಿದರು. ಪ್ಲೇಗಮ್ಮನೆಂಬ ಹೆಸರಿನಲ್ಲಿ ಮಾರಿಯ ಗುಡಿಗಳು ಎದ್ದುದು ಈ ಕಾಲದ ಭೀತಿಗೆ ಸಾಕ್ಷಿ. 1901ರ ಖಾನೇಷುಮಾರಿಯಲ್ಲಿ ನಗರಭಾಗದ ಜನ 69,447ಕ್ಕೂ ದಂಡಿನ ಜನ 89,599ಕ್ಕೂ ಇಳಿದುಹೋಗಿದ್ದರು. ಸತ್ತವರೂ ಊರುಬಿಟ್ಟು ಹೋದವರೂ ಸೇರಿ ಹತ್ತು ವರ್ಷಗಳಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನ ಕಡಮೆಯಾದರೆಂಬುದು ಈ ಅಂಕಿಗಳಿಂದ ಹೊರಡುವ ಲೆಕ್ಕ.

ಈ ಸಂಕಟದಲ್ಲಿ ಪ್ಲೇಗ್ ಕಮಿಷನರಾಗಿ ನೇಮಕಗೊಂಡವರು, ಮುಂದೆ 1906ರಲ್ಲಿ ಮೈಸೂರಿನ ದಿವಾನರಾದ ವಿ. ಪಿ. ಮಾಧವರಾಯರು. ತಿರುವಾಂಕೂರಿನಲ್ಲಿ ಜಾತಿಯ ಕಾರಣದಿಂದ ಸರ್ಕಾರಿ ಕೆಲಸ ದೊರೆಯದೆ ಮೈಸೂರು ಸಂಸ್ಥಾನದ ವೈದ್ಯಶಾಖೆಯನ್ನು ಸೇರಿದ್ದ ಡಾಕ್ಟರ್ ಪಲ್ಪು ಅವರು, ಸಾವಿನ ನಡುವೆ ನಿಂತು ಸೇವೆಮಾಡಿದವರಲ್ಲಿ ಒಬ್ಬರು. 1897ರಲ್ಲಿ ಹಾಫ್ಕಿನ್ ಪಂಡಿತನು ಕಂಡುಹಿಡಿದಿದ್ದ ಲಸಿಕೆಯನ್ನು ಹಾಕುವುದು, ಮನೆಗಳಿಗೆ ಸುಣ್ಣ ಬಳಿಯುವುದು, ಗಾಳಿಬೆಳಕಿಲ್ಲದ ಕಟ್ಟಡಗಳನ್ನು ತೆರೆಸುವುದು ಇವೆಲ್ಲ ನಡೆದುವು. ಆದರೂ ಪೇಟೆಯ ಇಕ್ಕಟ್ಟು ಹಾಗೆಯೇ ಇದ್ದಲ್ಲಿ ಇವು ತಾತ್ಕಾಲಿಕ ಉಪಾಯಗಳು ಮಾತ್ರವೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಹೊಸ ಬಡಾವಣೆಗಳ ಕೆಲಸಕ್ಕೆ ವೇಗ ಬಂದುದು ಆಗ. ಊರಹೊರಗಿನ ಗುಡಿಸಲಿನಲ್ಲಿ ತಿಂಗಳುಗಟ್ಟಲೆ ಕಳೆದವರಿಗೆ ಬಯಲಿನ ಭಯ ಬಿಟ್ಟುಹೋಗಿದ್ದುದೂ ಇದಕ್ಕೆ ಒದಗಿತು.

ಬಡಾವಣೆಯ ವಿನ್ಯಾಸದಲ್ಲಿ ಆ ಕಾಲದ ವೈದ್ಯವಿಚಾರವೇ ಕಾಣುವುದು. ಕೆಟ್ಟ ಗಾಳಿ, ತೇವ, ಕತ್ತಲೆ ಇವೇ ರೋಗದ ತಾಯಿಬೇರೆಂದು ಹಲವರು ನಂಬಿದ್ದರು. ಆದಕಾರಣ ಅಗಲವಾದ ರಸ್ತೆಗಳನ್ನೂ, ಅವುಗಳನ್ನು ಕತ್ತರಿಸುವ ಅಡ್ಡರಸ್ತೆಗಳನ್ನೂ ಎಳೆದು, ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಬಯಲು ಬಿಡುವಂತೆ ನಿವೇಶನಗಳನ್ನು ಗೊತ್ತುಮಾಡಲಾಯಿತು. ಪ್ಲೇಗು ಇಲಿಯ ಮೈಮೇಲಣ ಚಿಗಟದಿಂದ ಮನುಷ್ಯನಿಗೆ ಹರಡುವುದೆಂದು ಫ್ರಾನ್ಸಿನ ಸೀಮೋನ್ ಪಂಡಿತನು ಅದೇ 1898ರಲ್ಲಿ ಕರಾಚಿಯಲ್ಲಿ ತೋರಿಸಿದ್ದನು. ಆದರೆ ಅದನ್ನು ವೈದ್ಯಲೋಕವು ಒಪ್ಪಲು ಹಲವು ವರ್ಷಗಳು ಹಿಡಿದುವು. ಹೀಗೆ ಬಡಾವಣೆಯ ಯೋಜಕರು ಕಾರಣವನ್ನು ಅರ್ಧ ಮಾತ್ರ ಬಲ್ಲವರಾಗಿದ್ದರು. ಆದರೂ ಅವರು ಮಾಡಿದ ಚಿಕಿತ್ಸೆ ಹಿತವಾಗಿಯೇ ಪರಿಣಮಿಸಿತು. ಧಾನ್ಯದ ಮಳಿಗೆಗೂ ಮಲಗುವ ಕೋಣೆಗೂ ದೂರವಾದರೆ, ಒಂದರ ಗೋಡೆ ಒಂದಕ್ಕೆ ಅಂಟದೆ ಮನೆಗಳು ಬಿಡಿಬಿಡಿಯಾದರೆ, ಇಲಿಗೂ ಮನುಷ್ಯನಿಗೂ ನಡುವಣ ಸಂಪರ್ಕ ತಾನಾಗಿ ಕಡಮೆಯಾಗುವುದಷ್ಟೆ.

ನೀರಿನ ಅನುಕೂಲವು ಈ ಪ್ರಯತ್ನಕ್ಕೆ ಆಧಾರವಾಯಿತು. ಅದುವರೆಗೆ ಪೇಟೆಗೆ ಧರ್ಮಾಂಬುಧಿ ಮೊದಲಾದ ಕೆರೆಗಳೂ ಬಾವಿ ಕಲ್ಯಾಣಿಗಳೂ ಗತಿಯಾಗಿದ್ದುವು. 1876-77ರ ಕ್ಷಾಮದಲ್ಲಿ ಅವುಗಳ ಬಲವೆಷ್ಟೆಂಬುದು ತಿಳಿದುಹೋಗಿದ್ದಿತು. ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ ನೀರನ್ನು ತರುವ ಚಾಮರಾಜೇಂದ್ರ ಜಲಾಶಯದ ಕೆಲಸವು 1894ರಲ್ಲಿ ಮೊದಲಾಗಿ 1896ರಲ್ಲಿ ನಗರಕ್ಕೆ ಕೊಳಾಯಿನೀರು ಬಂದಿತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆದರೆ ಹೆಸರಘಟ್ಟದ ನೀರೂ ಶಾಶ್ವತವಾಗಲಿಲ್ಲ. ಊರು ಬೆಳೆದಂತೆ 1933ರಲ್ಲಿ ತಿಪ್ಪಗೊಂಡನಹಳ್ಳಿಗೂ, 1974ರಲ್ಲಿ ಕಾವೇರಿಗೂ ಕೈಚಾಚಬೇಕಾಯಿತು. ಒಂದು ತಲೆಮಾರಿಗೆ ಸಾಕೆನಿಸಿದ ಏರ್ಪಾಡು ಮುಂದಿನದಕ್ಕೆ ಸಾಲದಾದುದನ್ನು ಈ ನೀರಿನ ಇತಿಹಾಸವೇ ತೋರಿಸುತ್ತದೆ.

ಸರ್ಕಾರವು ರಸ್ತೆಯನ್ನೂ ನಿವೇಶನವನ್ನೂ ಕೊಡಬಲ್ಲುದು, ನೆರೆಹೊರೆಯನ್ನು ಕೊಡಲಾರದು. ಅದನ್ನು ಅಲ್ಲಿಗೆ ಬಂದು ನೆಲಸಿದವರೇ ಕಟ್ಟಿಕೊಂಡರು. ಪೇಟೆಯ ಬೇರೆಬೇರೆ ಬೀದಿಗಳಿಂದಲೂ ಸಂಸ್ಥಾನದ ಬೇರೆಬೇರೆ ಜಿಲ್ಲೆಗಳಿಂದಲೂ ಬಂದ ಗುಮಾಸ್ತರು, ವಕೀಲರು, ಉಪಾಧ್ಯಾಯರು ಸಂಜೆಯ ವೇಳೆ ಕಲೆಯುವುದಕ್ಕೆ ಒಂದು ಎಡೆಯನ್ನು ಹುಡುಕಿದರು. ಕ್ಲಬ್ಬು, ಭಜನಮಂದಿರ, ವಾಚನಾಲಯ, ಸ್ತ್ರೀಯರ ಸಮಾಜಗಳು ಹುಟ್ಟಿದುವು. 1915ರಲ್ಲಿ ಸ್ಥಾಪಿತವಾದ ಸಾಹಿತ್ಯಪರಿಷತ್ತು ಚಾಮರಾಜಪೇಟೆಯಲ್ಲಿ ನೆಲೆಗೊಂಡಿತು. ಬಸವನಗುಡಿಯ ಭಾಗದಲ್ಲಿ 1917ರಲ್ಲಿ ನ್ಯಾಷನಲ್ ಹೈಸ್ಕೂಲು ಆರಂಭವಾಯಿತು. 1945ರಲ್ಲಿ ಡಿ. ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ, ಬಿ. ಪಿ. ವಾಡಿಯಾ ಅವರ ಸಂಸ್ಕೃತಿ ಸಂಸ್ಥೆಯೂ ಹುಟ್ಟಿದುವು. ಗವೀಪುರದಲ್ಲಿ ಮಾಸ್ತಿಯವರೂ, ಮಲ್ಲೇಶ್ವರದಲ್ಲಿ ಜಿ. ಪಿ. ರಾಜರತ್ನಂ ಅವರೂ ಸರ್ ಸಿ. ವಿ. ರಾಮನ್ ಅವರೂ ವಾಸವಾಗಿದ್ದರು. ಪ್ಲೇಗಿಗೆ ಹೆದರಿ ಓಡಿಬಂದವರ ನೆಲ ಅರ್ಧ ಶತಮಾನದಲ್ಲಿ ವಿದ್ಯೆಯ ನೆಲೆಯಾದುದು ಅಲ್ಪವಾದ ಸಾಧನೆಯಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಕಥೆ ಪೂರ್ತಿಯಾಗದು. ಈ ಬಡಾವಣೆಗಳ ಹಳೆಯ ನಕ್ಷೆಯಲ್ಲಿ ಮನೆಗಳ ಬೆನ್ನಿಗೆ ಬೆನ್ನು ತಾಗುವೆಡೆ ಇಕ್ಕಟ್ಟಾದ ಗಲ್ಲಿಯೊಂದು ಹಾದುಹೋಗುವುದು. ಕನ್ಸರ್ವೆನ್ಸಿ ಗಲ್ಲಿಯೆಂದು ಇದರ ಹೆಸರು. ಒಳಚರಂಡಿಯಿಲ್ಲದ ಆ ಕಾಲದಲ್ಲಿ, ಜಾಡಮಾಲಿಗಳೆಂದು ಕರೆಯಲ್ಪಡುತ್ತಿದ್ದ ಕೆಲಸಗಾರರು ಮನೆಯ ಮುಂಭಾಗಕ್ಕೆ ಬಾರದೆ, ಈ ಗಲ್ಲಿಯಿಂದಲೇ ಬಂದು ಹಿತ್ತಿಲ ಕಕ್ಕಸುಗಳ ಮಲವನ್ನು ತುಂಬಿಕೊಂಡು ಹೋಗಬೇಕಾಗಿದ್ದಿತು. ಗಾಳಿಬೆಳಕಿನ ವಿಚಾರದಲ್ಲಿ ಅಷ್ಟು ಮುಂದುವರಿದ ಯೋಜನೆಯು ಈ ವಿಚಾರದಲ್ಲಿ ಹಳೆಯ ಕಟ್ಟನ್ನು ಸಡಿಲಿಸಲಿಲ್ಲ. ಅದಕ್ಕೆ ಬೇರೆಯೇ ಒಂದು ದಾರಿಯನ್ನು ಅಳೆದು ಗೆರೆಯೆಳೆದು ಕೊಟ್ಟಿತು. ನಿವೇಶನಗಳನ್ನು ಹಂಚುವಾಗ ಒಂದೊಂದು ಭಾಗವನ್ನು ಒಂದೊಂದು ಜಾತಿಗೆ ಮೀಸಲಿಟ್ಟುದೂ ಇದೇ ಬಗೆಯದು. ಪೇಟೆಯ ಕೊಳೆಯನ್ನು ಬಿಟ್ಟುಬಂದವರು ಪೇಟೆಯ ಭೇದವನ್ನು ಗಂಟುಕಟ್ಟಿಕೊಂಡು ಬಂದರು.

ಊರು ಶುಚಿಯಾಗಿರುವುದಕ್ಕೆ ಯಾರ ಕೈ ಕಾರಣವೋ ಅವರ ಹೆಸರು ಬಡಾವಣೆಯ ಯಾವ ರಸ್ತೆಗೂ ಬರಲಿಲ್ಲ. ಒಳಚರಂಡಿಯು ಹಂತಹಂತವಾಗಿ ಹಬ್ಬಿದ ಮೇಲೆ ಗಲ್ಲಿಯ ಕೆಲಸ ಇಳಿಯಿತು. ಮಲವನ್ನು ತಲೆಯ ಮೇಲೆ ಹೊರಿಸುವ ಪದ್ಧತಿಯನ್ನು ಕರ್ಣಾಟಕದಲ್ಲಿ ನಿಷೇಧಿಸಿದುದು 1970ರ ದಶಕದ ಆದಿಯಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ. ದೇಶಕ್ಕೆಲ್ಲ ಅನ್ವಯಿಸುವ ಶಾಸನಗಳು 1993ರಲ್ಲಿಯೂ 2013ರಲ್ಲಿಯೂ ಬಂದುವು. ಬಡಾವಣೆಯ ಮುಂಬಾಗಿಲಿಗೆ ವಿದ್ಯುದ್ದೀಪ ಬಂದುದಕ್ಕೂ ಹಿಂಬಾಗಿಲಿನ ಈ ಅನ್ಯಾಯಕ್ಕೆ ಮೊದಲ ತಡೆ ಬಿದ್ದುದಕ್ಕೂ ನಡುವೆ ಸುಮಾರು ಎಪ್ಪತ್ತು ವರ್ಷಗಳು ಕಳೆದಿದ್ದುವು. ಕಾನೂನು ಬಂದ ಮೇಲೆಯೂ ಒಳಚರಂಡಿಯ ಗುಂಡಿಗಳಲ್ಲಿ ಇಳಿದು ಪ್ರಾಣಬಿಟ್ಟವರ ಸುದ್ದಿ ರಾಜ್ಯದಲ್ಲಿ ನಿಂತಿಲ್ಲವೆಂಬುದನ್ನು ಮರೆಯಲಾಗದು.

ಬಡಾವಣೆಯೊಳಗೆ ಸೇರಿಹೋದ ಹಳ್ಳಿಗಳ ಗತಿಯೂ ವಿಚಾರಕ್ಕೆ ತಕ್ಕುದು. ಹೊಲ ತೋಟಗಳು ನಿವೇಶನಗಳಾದಾಗ ಗ್ರಾಮದ ನಡುವಣ ಮನೆಗಳು ಮಾತ್ರ ಇದ್ದಲ್ಲಿಯೇ ಉಳಿದುವು. ಗುಟ್ಟಹಳ್ಳಿ, ಮಾವಳ್ಳಿಗಳಲ್ಲಿ ಇಂದು ನಡೆದಾಡುವವನಿಗೆ, ನೇರವಾದ ಅಗಲರಸ್ತೆಯೊಂದು ಇದ್ದಕ್ಕಿದ್ದಂತೆ ಹಳ್ಳಿಯ ಓಣಿಯಾಗಿ ತಿರುಚಿಕೊಳ್ಳುವುದು ಕಾಣುತ್ತದೆ. ಮಾರಮ್ಮನ ಗುಡಿ, ಅರಳಿಕಟ್ಟೆ, ಹಳೆಯ ಜಗಲಿಗಳು ಅಲ್ಲಲ್ಲಿ ಈಗಲೂ ಇವೆ. ನಕ್ಷೆ ಬರೆದವರ ಗೆರೆಯು ಎಲ್ಲಿ ನಿಂತಿತೋ ಅಲ್ಲಿಂದ ಹಳೆಯ ಊರು ಮೊದಲಾಗುವುದು. ಉಳಿದ ನಗರವನ್ನು ಉತ್ತಮಗೊಳಿಸುವ ಕೆಲಸವೆಲ್ಲ ಇಂಥ ಓಣಿಗಳನ್ನು ಸುತ್ತಿಕೊಂಡು ಹೋಯಿತಲ್ಲದೆ ಅವುಗಳೊಳಕ್ಕೆ ಬಂದುದು ತಡವಾಗಿ.

ಈಚಿನ ವರ್ಷಗಳಲ್ಲಿ ಮಲ್ಲೇಶ್ವರದ ನಿವಾಸಿಗಳು ಕಲಾವಿದರೊಡನೆ ಕೂಡಿ, ಪಾಳುಬಿದ್ದು ಕಸದ ರಾಶಿಯಾಗಿದ್ದ ಕೆಲವು ಕನ್ಸರ್ವೆನ್ಸಿ ಗಲ್ಲಿಗಳನ್ನು ಶುಚಿಮಾಡಿ, ಗೋಡೆಗಳಿಗೆ ಚಿತ್ರ ಬರೆದು, ಜನ ನಡೆದಾಡುವ ದಾರಿಗಳನ್ನಾಗಿ ಮಾಡಿರುವರು. ಬಡಾವಣೆಯವರೇ ಮುಂದಾಗಿ ಮಾಡಿದ ಈ ಕೆಲಸವು ಶ್ಲಾಘನೀಯವಾದುದು. ಆ ದಾರಿಯಲ್ಲಿ ನಡೆಯುವ ಮಕ್ಕಳಿಗೆ, ಅದು ಮೊದಲು ಏತಕ್ಕೆ ಏರ್ಪಟ್ಟಿದ್ದಿತು, ಅದರಲ್ಲಿ ಯಾರು ನಡೆದಿದ್ದರು ಎಂಬುದನ್ನೂ ಹಿರಿಯರು ಹೇಳಿದರೆ ಕೆಲಸ ಇನ್ನಷ್ಟು ಪೂರ್ಣವಾದೀತು. 1898ರಲ್ಲಿ ಬಡಾವಣೆಯನ್ನು ಕಟ್ಟಿದವರು ಮನೆಗೆ ಗಾಳಿಬೆಳಕು ಎಲ್ಲಿಂದ ಬರಬೇಕೆಂದು ಯೋಚಿಸಿದರು. ಆ ಮನೆಯ ಕೊಳೆ ಯಾರ ಕೈಯಿಂದ ಹೋಗುವುದೆಂಬ ಪ್ರಶ್ನೆಯನ್ನು ನಕ್ಷೆಯ ಹಿಂದಣ ಗೆರೆಗೆ ಬಿಟ್ಟರು. ಇನ್ನು ಮುಂದೆ ಊರುಗಳನ್ನು ವಿಸ್ತರಿಸುವವರು ಈ ಎರಡನ್ನೂ ಒಂದೇ ಹಾಳೆಯಲ್ಲಿ, ಒಂದೇ ದಿನ ಬರೆದು ಕೆಲಸಕ್ಕೆ ಕೈಹಾಕುವುದು ಕರ್ತವ್ಯವಾಗಿದೆ.