ಅಮ್ಮನ ಬೀಡಿ ಪುಸ್ತಕ, ನನ್ನ ಟೈಪಿಂಗ್ ಕೆಲಸ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತವರಿಗೂ, ಮಗುವನ್ನು ಮಲಗಿಸಿ ಈಗಷ್ಟೇ ಫೋನ್ ಕೈಗೆ ತಗೊಂಡವರಿಗೂ. ಇವತ್ತಿನ ಕಥೆ ಎರಡನೆಯವರಿಗೆ ಸ್ವಲ್ಪ ಜಾಸ್ತಿ ಸೇರಿದ್ದು.

ನನ್ನ ಮಗಳಿಗೆ ಎಂಟು ತಿಂಗಳಾಗಿದ್ದಾಗ ನಾನು ಮನೆಯಿಂದಲೇ ಮಾಡುವಂಥ ಕೆಲಸ ಹುಡುಕ್ತಾ ಇದ್ದೆ. ನನ್ನ ಹತ್ರ ಇದ್ದ ಟೈಮ್ ಎಷ್ಟು ಅಂದ್ರೆ, ಮಧ್ಯಾಹ್ನ ಅವಳು ಮಲಗಿದಾಗ ಒಂದೂವರೆ ಗಂಟೆ, ರಾತ್ರಿ ಒಂಬತ್ತರ ಮೇಲೆ ಇನ್ನೊಂದು ಎರಡು ಗಂಟೆ. ಅಷ್ಟರಲ್ಲಿ ಆಗುವ ಕೆಲಸ ಯಾವುದು? ಟೈಪಿಂಗ್ ಅಂತ ಒಂದು ಜಾಹೀರಾತು ಸಿಕ್ಕಿತು. ಪಿಡಿಎಫ್ ನೋಡಿ ವರ್ಡ್‌ನಲ್ಲಿ ಟೈಪ್ ಮಾಡಬೇಕು, ವಾರಕ್ಕೊಮ್ಮೆ ದುಡ್ಡು. ನೋಂದಣಿ ಶುಲ್ಕ 2,400 ರೂಪಾಯಿ. ಕಟ್ಟಿದೆ. ಆರು ರಾತ್ರಿ ಕೂತು ಟೈಪ್ ಮಾಡಿದೆ. ಏಳನೇ ದಿನ ಇಮೇಲ್ ಬಂತು: ನಿಮ್ಮ ಕೆಲಸದಲ್ಲಿ ತಪ್ಪು ಜಾಸ್ತಿ, ಎಲ್ಲಾ ಪುಟ ತಿರಸ್ಕೃತ. ಎರಡು ದಿನ ಬಿಟ್ಟು ವಕೀಲರ ಹೆಸರಲ್ಲಿ ಇನ್ನೊಂದು: ಕರಾರು ಮುರಿದಿದ್ದೀರಿ, 6,800 ರೂಪಾಯಿ ಕಟ್ಟಿ, ಇಲ್ಲಾಂದ್ರೆ ಕೋರ್ಟು. ಕೈ ನಡುಗಿತು, ಸುಳ್ಳು ಹೇಳಲ್ಲ.

ಬಂಟ್ವಾಳದಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಅತ್ತೆ. ದುಡ್ಡು ಯಾಕೆ ಕಟ್ಟಿದೆ ಅಂತ ಬೈತಾರೆ ಅಂದ್ಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅವರು ನಿನಗೆ ಪುಸ್ತಕ ಕೊಟ್ಟಿದ್ದಾರಾ?"

ಯಾವ ಪುಸ್ತಕ ಅಂತ ನನಗೆ ತಕ್ಷಣ ಹೊಳೀಲಿಲ್ಲ. ಆಮೇಲೆ ನೆನಪಾಯ್ತು.

ನನ್ನ ಅಮ್ಮ ಇಪ್ಪತ್ತೆರಡು ವರ್ಷ ಬೀಡಿ ಕಟ್ಟಿದವರು. ದಕ್ಷಿಣ ಕನ್ನಡದಲ್ಲಿ ಹುಟ್ಟಿದವರಿಗೆ ಈ ಚಿತ್ರ ಹೇಳಿಕೊಡಬೇಕಾಗಿಲ್ಲ, ಬೇರೆಯವರಿಗೆ ಹೇಳ್ತೇನೆ. ರಾತ್ರಿ ಎಲೆ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡೋದು. ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸೋದು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು, ನೂಲಿನ ಉಂಡೆ. ಸುತ್ತಿ, ತುದಿ ಮಡಚಿ, ನೂಲು ಕಟ್ಟಿದರೆ ಒಂದು ಬೀಡಿ. ಇಪ್ಪತ್ತೈದಕ್ಕೆ ಒಂದು ಕಟ್ಟು. ಕೂಲಿ ಲೆಕ್ಕ ಮಾತ್ರ ಸಾವಿರಕ್ಕೆ. ಸಾವಿರ ಕಟ್ಟಬೇಕಾದ್ರೆ ಪಳಗಿದ ಕೈಗೂ ಹೆಚ್ಚು ಕಡಿಮೆ ಇಡೀ ದಿನ ಬೇಕು. ಆದ್ರೆ ಅಮ್ಮನಿಗೆ "ಇಡೀ ದಿನ" ಅಂತ ಒಂದು ಇರಲೇ ಇಲ್ಲ. ಅನ್ನ ಬೇಯುವಷ್ಟು ಹೊತ್ತು, ನಾನು ಶಾಲೆಗೆ ಹೋದ ಮೇಲೆ, ದನಕ್ಕೆ ಹುಲ್ಲು ಹಾಕಿ ಬಂದ ಮೇಲೆ, ಹೀಗೆ ಚೂರು ಚೂರು. ನಾವೂ ರಾತ್ರಿ ಕೂತು ಬೀಡಿಯ ತುದಿ ಮಡಚ್ತಾ ಇದ್ದೆವು. ಆ ಹೊಗೆಸೊಪ್ಪಿನ ಧೂಳಿಗೆ ಅಮ್ಮನ ಕೆಮ್ಮು ಇವತ್ತಿಗೂ ಹೋಗಿಲ್ಲ. ಹಾಗಾಗಿ ಬೀಡಿ ಕೆಲಸವನ್ನು ನಾನು ಇಲ್ಲಿ ಹೊಗಳ್ತಾ ಇಲ್ಲ, ತಪ್ಪು ತಿಳ್ಕೋಬೇಡಿ.

ಸಂಜೆ ಬೀಡಿಯನ್ನು 'ಬ್ರಾಂಚ್'ಗೆ ಕೊಂಡೊಯ್ಯಬೇಕು. ಬ್ರಾಂಚ್ ಅಂದ್ರೆ ಕಂಪನಿಯ ಗುತ್ತಿಗೆದಾರರ ಅಂಗಡಿ. ಅಲ್ಲಿ ಪುಸ್ತಕ ಇಡಬೇಕು. ಇಷ್ಟು ಎಲೆ ಕೊಟ್ಟಿದ್ದೇವೆ, ಇಷ್ಟು ಸೊಪ್ಪು ಕೊಟ್ಟಿದ್ದೇವೆ, ಇಷ್ಟು ಬೀಡಿ ಬಂದಿದೆ ಅಂತ ಅದರಲ್ಲಿ ಬರೆದುಕೊಡ್ತಾರೆ. ಅಮ್ಮ ಕೇಳಿದ ಪುಸ್ತಕ ಅದೇ.

ಆ ಪುಸ್ತಕ ಸುಮ್ಮನೆ ಬಂದದ್ದಲ್ಲ.

ಮನೆಗೆ ಕೆಲಸ ಕೊಡೋದ್ರಲ್ಲಿ ಮಾಲೀಕರಿಗೆ ಏನು ಲಾಭ ನೋಡಿ. ಕಟ್ಟಡ ಬೇಡ, ಕರೆಂಟ್ ಬಿಲ್ ಇಲ್ಲ, ಹಾಜರಿ ಪುಸ್ತಕ ಇಲ್ಲ, ಕಾರ್ಖಾನೆ ಇನ್ಸ್‌ಪೆಕ್ಟರ್ ಬರೋದಿಲ್ಲ. ಏನಾದ್ರೂ ಕೇಳಿದ್ರೆ "ಇವರು ನಮ್ಮ ಕೆಲಸಗಾರರೇ ಅಲ್ಲ, ಅವರ ಮನೆಯಲ್ಲಿ ಅವರು ಏನೋ ಮಾಡ್ಕೊಳ್ತಾರೆ" ಅನ್ನಬಹುದು. 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ತಂದಿತು. ಅದರಲ್ಲಿ ದೊಡ್ಡ ವಿಷಯ ಯಾವುದು ಅಂದ್ರೆ, ಮಾಲೀಕರೋ ಗುತ್ತಿಗೆದಾರರೋ ಕಚ್ಚಾ ಮಾಲು ಕೊಟ್ಟು ಮನೆಯಲ್ಲಿ ಬೀಡಿ ಕಟ್ಟಿಸಿದರೆ, ಆ ಮನೆಯಲ್ಲಿ ಕೂತ ಹೆಂಗಸೂ ಕಾನೂನಿನ ಲೆಕ್ಕದಲ್ಲಿ ಉದ್ಯೋಗಿಯೇ. ಹೆರಿಗೆ ಭತ್ಯೆಯ ಕಾಯ್ದೆಯನ್ನೂ ಈ ಉದ್ಯಮಕ್ಕೆ ಅನ್ವಯಿಸಿದರು.

ಮಾಲೀಕರು ಸುಮ್ಮನಿರಲಿಲ್ಲ. 1968ರಲ್ಲಿ ಕೇರಳದಲ್ಲಿ ಕಾಯ್ದೆ ಜಾರಿಗೆ ಬಂದಾಗ ಕಣ್ಣೂರಿನ ಬೀಡಿ ಕಾರ್ಖಾನೆಗಳಿಗೆ ಬೀಗ ಬಿತ್ತು. ಅವುಗಳನ್ನು ನಡೆಸುತ್ತಿದ್ದದ್ದು ಮಂಗಳೂರಿನ ಕಂಪನಿ. ಸಾವಿರಾರು ಜನ ಕೆಲಸ ಕಳ್ಕೊಂಡರು, ಅವರೇ 1969ರಲ್ಲಿ ಸೇರಿ ಕೇರಳ ದಿನೇಶ್ ಬೀಡಿ ಅನ್ನುವ ಸಹಕಾರಿ ಕಟ್ಟಿದರು. ಅದು ಬೇರೆಯದೇ ಒಂದು ಸಂಚಿಕೆಯ ಕಥೆ, ಮುಂದೊಮ್ಮೆ ಮಾಡೋಣ. ಇತ್ತ ಕಾಯ್ದೆಯನ್ನೇ ಪ್ರಶ್ನಿಸಿ ಬೀಡಿ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1974ರ ಜನವರಿಯಲ್ಲಿ ತೀರ್ಪು ಬಂತು: ಕಾಯ್ದೆ ಸರಿಯಾಗಿದೆ, ಮನೆಯಲ್ಲಿ ಕಟ್ಟುವವರೂ ಅದರೊಳಗೆ ಬರ್ತಾರೆ. ಆ ಪ್ರಕರಣಕ್ಕೆ ಮಂಗಳೂರಿನ ಕಂಪನಿಯ ಹೆಸರೇ ಇದೆ, ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ವಿರುದ್ಧ ಭಾರತ ಒಕ್ಕೂಟ.

ನನಗೆ ಹೆಚ್ಚು ಇಷ್ಟವಾದದ್ದು ಇದರ ಮುಂದಿನ ತೀರ್ಪು. ಅದನ್ನು ಹೇಳೋ ಮೊದಲು ಚಾಟು ಅಂದ್ರೆ ಏನು ಅಂತ ಹೇಳಬೇಕು.

ಬ್ರಾಂಚಲ್ಲಿ ಬೀಡಿ ಕೊಟ್ಟಾಗ ಒಬ್ಬರು ಕೈಯಲ್ಲಿ ಹಿಡಿದು ನೋಡ್ತಾರೆ. ಇದು ಸಡಿಲ, ಇದು ಗಿಡ್ಡ, ಇದರ ಎಲೆ ಹರಿದಿದೆ ಅಂತ ಒಂದಷ್ಟು ಬದಿಗೆ ತಳ್ಳುತ್ತಾರೆ. ಅದೇ ಚಾಟು. ಚಾಟಾದ ಬೀಡಿಗೆ ಕೂಲಿ ಇಲ್ಲ. ಅಮ್ಮ ಅತ್ತದ್ದನ್ನು ನಾನು ನೋಡಿರೋದು ಎರಡೇ ಕಾರಣಕ್ಕೆ, ಅಜ್ಜ ಹೋದಾಗ ಮತ್ತು ಚಾಟು ಜಾಸ್ತಿಯಾದಾಗ. 1966ರ ಕಾಯ್ದೆ ಈ ತಿರಸ್ಕಾರದ ಜಗಳವನ್ನೂ ಬಿಟ್ಟಿರಲಿಲ್ಲ. ಎಲೆ ಕಡಿಮೆ ಕೊಟ್ಟರೆ, ಅನ್ಯಾಯವಾಗಿ ಚಾಟು ಮಾಡಿದರೆ ದೂರು ಕೊಡೋದಕ್ಕೆ ಅದರಲ್ಲಿ ದಾರಿ ಇತ್ತು.

ಈಗ ತೀರ್ಪಿಗೆ ಬರೋಣ. 1977ರಲ್ಲಿ ಬೀಡಿ ಉದ್ಯಮಕ್ಕೂ ಭವಿಷ್ಯ ನಿಧಿ, ಅಂದ್ರೆ ಪಿಎಫ್ ಬಂತು. ಮಾಲೀಕರು ಮತ್ತೆ ಅದೇ ಹಳೇ ವಾದ ಎತ್ತಿದರು. ಮನೆಯಲ್ಲಿ ಕಟ್ಟುವವರ ಮೇಲೆ ನಮಗೆ ಯಾವ ಹಿಡಿತವೂ ಇಲ್ಲ, ಯಾವಾಗ ಕಟ್ಟುತ್ತಾರೆ, ಹೇಗೆ ಕಟ್ಟುತ್ತಾರೆ ನಾವು ನೋಡೋದಿಲ್ಲ, ಅಂದ ಮೇಲೆ ಅವರು ನಮ್ಮ ನೌಕರರು ಹೇಗಾಗ್ತಾರೆ? ಪಿ.ಎಂ. ಪಟೇಲ್ ಅಂಡ್ ಸನ್ಸ್ ಪ್ರಕರಣದಲ್ಲಿ 1985ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ಕಟ್ಟಿದ ಬೀಡಿಯನ್ನು ಪರೀಕ್ಷಿಸಿ, ಚೆನ್ನಾಗಿಲ್ಲದ್ದನ್ನು ತಿರಸ್ಕರಿಸುವ ಹಕ್ಕು ನಿಮಗಿದೆಯಲ್ಲ, ಅದೇ ಹಿಡಿತ. ಹಾಗಾಗಿ ಅವರು ನಿಮ್ಮ ನೌಕರರೇ, ಪಿಎಫ್ ಕೊಡಿ.

ಅಂದ್ರೆ ಮಾರಾಯ್ರೆ, ಯಾವ ಚಾಟು ನನ್ನ ಅಮ್ಮನನ್ನು ಅಳಿಸಿತೋ, ಅವರು ನೌಕರಳು ಅನ್ನೋದಕ್ಕೆ ಅದೇ ಸಾಕ್ಷಿ. ನಮ್ಮ ಮನೆಗೆ ಸಿಮೆಂಟ್ ನೆಲ ಹಾಕಿಸಿದ್ದು ಅಮ್ಮನ ಪಿಎಫ್ ದುಡ್ಡಲ್ಲಿ. ಆ ತೀರ್ಪಿನ ಹೆಸರು ಅವರಿಗೆ ಗೊತ್ತೇ ಇಲ್ಲ, ನಾನೂ ಇತ್ತೀಚೆಗೆ ಓದಿದ್ದು.

ಇಷ್ಟಾದ್ರೂ ಇದು ಬಡವರ ಕಥೆ, ಕಂಪ್ಯೂಟರ್ ಕೆಲಸಕ್ಕೂ ಇದಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಉಂಟು. ಮನೆಯಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡೋದು ಕೋವಿಡ್ ಟೈಮಲ್ಲಿ ಶುರುವಾಗಿದ್ದಲ್ಲ. ಇಂಗ್ಲೆಂಡಿನಲ್ಲಿ 1962ರಲ್ಲಿ, ಅಂದ್ರೆ ನಮ್ಮ ಬೀಡಿ ಕಾಯ್ದೆಗೂ ನಾಲ್ಕು ವರ್ಷ ಮೊದಲು, ಸ್ಟೆಫನಿ ಶರ್ಲಿ ಅನ್ನುವವರು ಬರೀ 6 ಪೌಂಡ್ ಬಂಡವಾಳದಲ್ಲಿ ಫ್ರೀಲ್ಯಾನ್ಸ್ ಪ್ರೋಗ್ರಾಮರ್ಸ್ ಅಂತ ಕಂಪನಿ ಶುರು ಮಾಡಿದರು. ನಾಜಿಗಳಿಂದ ತಪ್ಪಿಸಿ ಕಳಿಸಿದ ಯಹೂದಿ ಮಕ್ಕಳ ರೈಲಿನಲ್ಲಿ 1939ರಲ್ಲಿ ಇಂಗ್ಲೆಂಡಿಗೆ ಬಂದ ಹುಡುಗಿ ಅವರು. ಮದುವೆ, ಮಗು ಅಂತ ಕೆಲಸ ಬಿಟ್ಟ ಪ್ರೋಗ್ರಾಮರ್ ಹೆಂಗಸರನ್ನು ಹುಡುಕಿ ಹುಡುಕಿ ಕೆಲಸ ಕೊಟ್ಟರು. ಮೊದಲ 300 ಜನರಲ್ಲಿ 297 ಹೆಂಗಸರು.

ಮನೆಯಲ್ಲಿ ಕಂಪ್ಯೂಟರ್ ಇತ್ತಾ? ಎಲ್ಲಿಂದ ಬರಬೇಕು! ಕಾಗದದ ಮೇಲೆ ಪೆನ್ಸಿಲಲ್ಲಿ ಪ್ರೋಗ್ರಾಮ್ ಬರೆದು ಅಂಚೆಯಲ್ಲಿ ಕಳಿಸೋದು. ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿನ ಪ್ರೋಗ್ರಾಮಿಂಗ್ ಹೀಗೆ ಅಡುಗೆಮನೆ, ಹಜಾರಗಳಲ್ಲಿ ಆಗಿದ್ದು. ಶರ್ಲಿ ವ್ಯಾಪಾರದ ಪತ್ರಗಳಿಗೆ 'ಸ್ಟೀವ್' ಅಂತ ಗಂಡಸಿನ ಹೆಸರಲ್ಲಿ ಸಹಿ ಹಾಕ್ತಿದ್ದರು, ಆಗ ಮಾತ್ರ ಉತ್ತರ ಬರ್ತಿತ್ತಂತೆ. ಫೋನ್ ಬಂದಾಗ ಮಗುವಿನ ಸದ್ದು ಕೇಳದಿರಲಿ ಅಂತ ಹಿಂದೆ ಟೈಪ್‌ರೈಟರ್ ಸದ್ದಿನ ಟೇಪ್ ಹಾಕ್ತಿದ್ದರು. ಝೂಮ್ ಮೀಟಿಂಗಲ್ಲಿ ಮ್ಯೂಟ್ ಬಟನ್ ಹುಡುಕಿದವರಿಗೆ ಇದು ಅರ್ಥ ಆಗುತ್ತೆ. ಮುಂದೆ ಆ ಕಂಪನಿಯ ಷೇರುಗಳನ್ನು ಕೆಲಸ ಮಾಡಿದವರಿಗೇ ಹಂಚಿದರು.

ನಮ್ಮಲ್ಲೂ ಒಡೆತನ ಹಂಚಿದ್ದು ಉಂಟು. 1959ರಲ್ಲಿ ಮುಂಬೈನ ಗಿರ್ಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಶುರು ಮಾಡಿದ ಲಿಜ್ಜತ್ ಪಾಪಡ್ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಹಿಟ್ಟು ತಗೊಂಡು ಹೋಗಿ, ಮನೆಯಲ್ಲಿ ಲಟ್ಟಿಸಿ, ಒಣಗಿಸಿ ವಾಪಸ್ ಕೊಡೋದು. ಲಟ್ಟಿಸುವವರೇ ಒಡೆಯರು.

ಬೀಡಿ, ಪ್ರೋಗ್ರಾಮ್, ಹಪ್ಪಳ. ಮೂರರಲ್ಲೂ ಮಾಲು ಕೆಲಸ ಕೊಟ್ಟವರಿಂದ ಬರ್ತದೆ, ದುಡ್ಡೂ ಅವರಿಂದಲೇ ಬರ್ತದೆ. ಕೊನೆಯಲ್ಲಿ ಆ ಬೀಡಿಯನ್ನು, ಆ ಹಪ್ಪಳವನ್ನು ಯಾರೋ ಒಬ್ಬರು ಕೊಂಡುಕೊಳ್ತಾರೆ. ನಾನು ಟೈಪ್ ಮಾಡಿದ ಆ ಪುಟಗಳನ್ನು ಯಾರು ಕೊಳ್ಳುತ್ತಿದ್ದರು? ಅವು ಯಾವುದೋ ಹಳೇ ಇಂಗ್ಲಿಷ್ ಕಾದಂಬರಿಯ ಪುಟಗಳು, ಇಂಟರ್‌ನೆಟ್ಟಲ್ಲಿ ಪುಕ್ಕಟೆ ಸಿಗ್ತವೆ. ನನಗೆ ಆಗ ಹೊಳೆಯಲೇ ಇಲ್ಲ. ಅಲ್ಲಿ ಮಾಲು ನಾನೇ, ನನ್ನ 2,400 ರೂಪಾಯಿಯೇ ಅವರ ಉತ್ಪಾದನೆ. ಬ್ರಾಂಚಿನವರು ಚಾಟು ಮಾಡ್ತಿದ್ದದ್ದು ಬೀಡಿ ಮಾರಬೇಕಿತ್ತು ಅಂತ. ಇವರಿಗೆ ಚಾಟು ಮಾಡೋದೇ ವ್ಯಾಪಾರ. ಅದಕ್ಕೇ ಯಾವ ಪುಟದಲ್ಲಿ ಏನು ತಪ್ಪು ಅಂತ ಎರಡು ಸಲ ಕೇಳಿದ್ರೂ ತೋರಿಸಲಿಲ್ಲ. ಬ್ರಾಂಚಿನವರು ಕೆಟ್ಟ ಬೀಡಿಯನ್ನು ಕಣ್ಣೆದುರೇ ಮುರಿದಾದ್ರೂ ಹಾಕ್ತಿದ್ದರು!

ಈಗಿನ ಹೊಸ ರೂಪ ಇನ್ನೂ ನಾಜೂಕು. ವಿಡಿಯೋಗೆ ಲೈಕ್ ಕೊಡಿ, ಹೋಟೆಲಿಗೆ ಸ್ಟಾರ್ ಕೊಡಿ ಅಂತ ಟೆಲಿಗ್ರಾಂ ಗುಂಪಿಗೆ ಸೇರಿಸ್ತಾರೆ. ಮೊದಲ ದಿನ ನಿಜವಾಗ್ಲೂ ನೂರಿನ್ನೂರು ರೂಪಾಯಿ ಖಾತೆಗೆ ಬೀಳುತ್ತೆ. ಆಮೇಲೆ ದೊಡ್ಡ 'ಟಾಸ್ಕ್' ಸಿಗಬೇಕಾದ್ರೆ ನೀವು ಮೊದಲು ಹಾಕಬೇಕು ಅಂತಾರೆ. ಅಲ್ಲಿಗೆ ಮುಗೀತು. ದುಡ್ಡು ಹೋದ ತಕ್ಷಣ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡ್ತೀರೋ ಅಷ್ಟು ಒಳ್ಳೇದು. ನಾನು ಮಾಡಿದ್ದು ಹನ್ನೊಂದು ದಿನ ಬಿಟ್ಟು. ದುಡ್ಡು ವಾಪಸ್ ಬರಲಿಲ್ಲ. ಕೋರ್ಟಿನಿಂದಲೂ ಏನೂ ಬರಲಿಲ್ಲ, ಆ ನೋಟಿಸೇ ಸುಳ್ಳು. 6,800 ಕಟ್ಟದೇ ಇದ್ದದ್ದು ಅಮ್ಮನ ಆ ಒಂದು ಪ್ರಶ್ನೆಯಿಂದ.

ಕಾನೂನಿನ ಕಥೆ ಎಲ್ಲಿಗೆ ಬಂದಿದೆ ಅಂತ ಕೇಳಿದ್ರೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲೇ ಮನೆಗೆಲಸ ಪಡೆದು ದುಡಿಯುವವರಿಗಾಗಿ 177ನೇ ಒಡಂಬಡಿಕೆ ಮಾಡಿದೆ, ಭಾರತ ಅದಕ್ಕೆ ಇನ್ನೂ ಒಪ್ಪಿ ಸಹಿ ಹಾಕಿಲ್ಲ. 1966ರ ಬೀಡಿ ಕಾಯ್ದೆ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮನೆ ಆಧಾರಿತ ಕಾರ್ಮಿಕರು, ಗಿಗ್ ಕಾರ್ಮಿಕರು ಯಾರು ಅಂತ ವ್ಯಾಖ್ಯೆ ಇದೆ. ಆದ್ರೆ ವ್ಯಾಖ್ಯೆ ಬೇರೆ, ಅಮ್ಮನ ಕೈಯಲ್ಲಿದ್ದಂಥ ಪುಸ್ತಕ ಬೇರೆ. ಮನೆಯಲ್ಲಿ ಕೂತು ಆ್ಯಪ್ ಮೂಲಕ ದುಡಿಯೋ ನಮ್ಮಂಥವರ ಕೈಯಲ್ಲಿ ಅದು ಇನ್ನೂ ಇಲ್ಲ ಅನ್ನೋದು ನನ್ನ ಸಿಟ್ಟು.

ನಾನೀಗ ಆಡಿಯೋ ಕೇಳಿ ಕನ್ನಡದಲ್ಲಿ ಬರೆದುಕೊಡುವ ಕೆಲಸ ಮಾಡ್ತೇನೆ. ಕೆಲಸ ಹಿಡಿಯೋ ಮೊದಲು ನಾಲ್ಕು ನಿಮಿಷದ ಒಂದು ತುಣುಕು ಮಾಡಿಸಿದರು, ಅದಕ್ಕೂ ದುಡ್ಡು ಕೊಟ್ಟರು. ನಿಮಿಷಕ್ಕೆ ಇಷ್ಟು ಅಂತ ಲೆಕ್ಕ. ಸುದ್ದಿ ಹೇಳಿದಾಗ ಅಮ್ಮ ಕೇಳಿದ್ದು, "ಸಾವಿರಕ್ಕೆ ಎಷ್ಟು ಹೊತ್ತು ಬೇಕು?" ಪ್ರಶ್ನೆ ಸರಿಯಾಗಿಯೇ ಇತ್ತು. ಒಂದು ಗಂಟೆಯ ಆಡಿಯೋ ಬರೆಯೋದಕ್ಕೆ ನನಗೆ ನಾಲ್ಕೂವರೆ ಗಂಟೆ ಬೇಕು, ಮಗಳು ನಡುವೆ ಎದ್ದರೆ ಐದು. ದರವನ್ನು ಐದರಿಂದ ಭಾಗಿಸಿ ನೋಡಿ ಎರಡು ಕೆಲಸ ಬೇಡ ಅಂದೆ, ಮೂರನೆಯದನ್ನು ಒಪ್ಪಿಕೊಂಡೆ. ಕಳೆದ ತಿಂಗಳು ಆರು ನಿಮಿಷದ ಒಂದು ಭಾಗವನ್ನು ತಿರುಗಿಸಿ ಕಳಿಸಿದ್ದರು. ಎಲ್ಲೆಲ್ಲಿ ತಪ್ಪು ಅಂತ ಸಾಲು ಸಾಲಾಗಿ ಗುರುತು ಹಾಕಿದ್ದರು, ಹನ್ನೆರಡು ಕಡೆ. ಅದರಲ್ಲಿ ಒಂಬತ್ತು ನನ್ನದೇ ತಪ್ಪು. ಉಳಿದ ಮೂರಕ್ಕೆ ಜಗಳ ಮಾಡಿದೆ, ಎರಡು ಗೆದ್ದೆ.

ಅದನ್ನೆಲ್ಲ ಬರೆದಿಡೋದಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾರೂ ಕೊಟ್ಟದ್ದಲ್ಲ, ಅಂಗಡಿಯಿಂದ ನಾನೇ ತಂದದ್ದು.